ಯಾವ ಬಟ್ಟಲು ಯಾವ ಬೆಕ್ಕಿಗೆ

ಚಿ. ಸಹನಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಬೆಳ್ಳಿಯ ರಕ್ತಪರೀಕ್ಷೆಯ ವರದಿ ನೋಡಿದೆ. ಕಿಡ್ನಿ ಸೋಸಿ ಹೊರಹಾಕಬೇಕಾದ ಕಶ್ಮಲ ಕ್ರಿಯಾಟಿನಿನ್ 2.4 ಇದೆ. 1.6ರಿಂದ 2.8ರವರೆಗೆ ಕಿಡ್ನಿ ಕಾಯಿಲೆಯ ಎರಡನೇ ಹಂತ ಅಂತ ಲೆಕ್ಕ, ನಿಮ್ಮ ಡಾಕ್ಟರು ಹೇಳಿದ್ದು ಸರಿಯಾಗಿದೆ. ಹದಿಮೂರು ವರ್ಷದ ಬೆಕ್ಕಿಗೆ ಇದು ಅಪರೂಪದ ಕಾಯಿಲೆಯಲ್ಲ. ಈ ಹಂತದಲ್ಲೇ ಗೊತ್ತಾಗಿ ಊಟ ಬದಲಾಯಿಸಿದರೆ ವರ್ಷಗಟ್ಟಲೆ ನೆಮ್ಮದಿಯಾಗಿರುವ ಬೆಕ್ಕುಗಳಿವೆ, ಹೆದರಬೇಡ. ಕಷ್ಟವಿರುವುದು ಬೇರೆ ಕಡೆ. ಅದೇ ಮನೆಯಲ್ಲಿ 6.2 ಕಿಲೋ ತೂಗುವ ಗುಂಡನೂ ಇದ್ದಾನೆ, ಮೂರು ತಿಂಗಳ ಪುಟ್ಟಿಯೂ ಇದ್ದಾಳೆ, ಮೂವರಿಗೂ ಹಾಲ್‌ನಲ್ಲಿ ದಿನವಿಡೀ ತುಂಬಿಟ್ಟ ಒಂದೇ ಬಟ್ಟಲು. ಮೊದಲು ಆ ಬಟ್ಟಲನ್ನು ಎತ್ತಿಡು.

ಅದರಿಂದ ಗುಂಡ ದಪ್ಪಗಾಗುವುದು ಸಣ್ಣ ತೊಂದರೆ. ಯಾರು ಎಷ್ಟು ತಿಂದರು ಅನ್ನುವುದೇ ತಿಳಿಯದಿರುವುದು ದೊಡ್ಡ ತೊಂದರೆ. ಬೆಳ್ಳಿ ಎರಡು ದಿನ ಬಾಯಿ ಮುಟ್ಟದಿದ್ದರೂ ಬಟ್ಟಲು ಎಂದಿನಂತೆ ಖಾಲಿಯಾಗಿರುತ್ತದೆ, ಏಕೆಂದರೆ ಅವಳ ಪಾಲನ್ನೂ ಗುಂಡ ಮುಗಿಸಿರುತ್ತಾನೆ. ಕಿಡ್ನಿ ಬೆಕ್ಕಿನ ಕಾಯಿಲೆ ಏರಿದಾಗ ಮೊದಲು ಕೈಕೊಡುವುದು ಹಸಿವು. ಅದನ್ನೇ ನೀನು ಗಮನಿಸದ ಹಾಗಾಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಬೆಕ್ಕು ಸುಮ್ಮನೆ ಮಲಗಿದ್ದರೂ ದಿನಕ್ಕೆ ಬೇಕಾಗುವ ಕ್ಯಾಲರಿಯನ್ನು, ಅಂದರೆ ವಿಶ್ರಾಂತಿಯ ಅಗತ್ಯವನ್ನು, ಕಿಲೋ ತೂಕದ 0.75ನೇ ಘಾತವನ್ನು 70ರಿಂದ ಗುಣಿಸಿ ತೆಗೆಯುತ್ತಾರೆ. 3.4 ಕಿಲೋದ ಬೆಳ್ಳಿಗೆ ಅದು 175 ಕಿಲೋಕ್ಯಾಲರಿ, ಸ್ವಲ್ಪ ಸೇರಿಸಿ ದಿನಕ್ಕೆ 200 ಇಟ್ಟುಕೋ. ಗುಂಡ ಇರಬೇಕಾದ ತೂಕ 5 ಕಿಲೋ. ಆ ತೂಕಕ್ಕೆ 234 ಬರುತ್ತದೆ, ಇಳಿಸಬೇಕಾದ್ದರಿಂದ ಅದರ ಶೇ. 80, ಅಂದರೆ ಸುಮಾರು 190. ಪುಟ್ಟಿ 1.3 ಕಿಲೋ ಇದ್ದರೂ ಬೆಳೆಯುವ ಮರಿ, ವಿಶ್ರಾಂತಿಯ 85ಕ್ಕೆ ಎರಡೂವರೆ ಪಟ್ಟು, ಸುಮಾರು 210 ಬೇಕು. ನೋಡು, ಅಂಗೈ ಮೇಲೆ ಕೂರುವ ಮರಿಗೂ ಆ ದೊಡ್ಡ ಗಂಡಿಗೂ ಬೇಕಾದದ್ದು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಆ 200ರ ಒಳಗೆ ಏನಿದೆ ಅನ್ನುವುದರಲ್ಲಿ. ಈ ಅಂಕಿಗಳು ಆರಂಭಕ್ಕೆ ಮಾತ್ರ. ಎರಡು ವಾರದ ತೂಕ ನೋಡಿ ಹೆಚ್ಚುಕಡಿಮೆ ಮಾಡಬೇಕು.

ಕಿಡ್ನಿ ಕಾಯಿಲೆಗೆಂದೇ ಮಾಡಿದ ಬೆಳ್ಳಿಯ ರೀನಲ್ ಫುಡ್‌ನಲ್ಲಿ ರಂಜಕ (ಫಾಸ್ಫರಸ್) ಕಡಿಮೆ, ಪ್ರೋಟೀನೂ ಹಿಡಿತದಲ್ಲಿ. ಪುಟ್ಟಿಯ ಕಿಟನ್ ಫುಡ್‌ನಲ್ಲಿ ಎರಡೂ ಧಾರಾಳ, ಎಲುಬು ಮತ್ತು ಮಾಂಸಖಂಡ ಬೆಳೆಯಬೇಕಲ್ಲ. ಪುಟ್ಟಿ ದಿನಾ ಬೆಳ್ಳಿಯದನ್ನು ತಿಂದರೆ ಬೆಳವಣಿಗೆಗೆ ಏಟು. ಬೆಳ್ಳಿ ದಿನಾ ಪುಟ್ಟಿಯದನ್ನು ತಿಂದರೆ ರಂಜಕ ರಕ್ತದಲ್ಲಿ ಏರಿ ಕಿಡ್ನಿ ಇನ್ನಷ್ಟು ಕೆಡುತ್ತದೆ. ಗುಂಡ ಯಾರದ್ದನ್ನು ಕದ್ದರೂ ಕೊಬ್ಬು ಏರುತ್ತದೆ. ಆದರೆ ಒಂದು ದಿನ ಒಂದು ತುತ್ತು ಅದಲು ಬದಲಾಯಿತು ಅಂತ ರಾತ್ರಿ ನಿದ್ದೆಗೆಡಬೇಡ. ದಿನಾ ನಡೆಯುವ ಕಳ್ಳತನವೇ ಕೆಡಿಸುವುದು. ಇನ್ನೊಂದು ಮಾತು: ಬೆಳ್ಳಿ ರೀನಲ್ ಫುಡ್ ಮುಟ್ಟದೆ ಹಟ ಹಿಡಿದರೆ ಅವಳು ಒಪ್ಪುವ ಬೇರೆಯದನ್ನಾದರೂ ಕೊಟ್ಟು ಡಾಕ್ಟರಿಗೆ ಫೋನ್ ಮಾಡು. ಸರಿಯಾದ ಆಹಾರ ಬಟ್ಟಲಲ್ಲಿ ಉಳಿದು ಬೆಕ್ಕು ಉಪವಾಸ ಕೂತರೆ ಏನೂ ಪ್ರಯೋಜನವಿಲ್ಲ.

ನಿನ್ನ ಎರಡು ಕೋಣೆಯ ಫ್ಲ್ಯಾಟಿಗೆ ಹೊಂದುವ ಹಾಗೆ ವ್ಯವಸ್ಥೆ ಹೇಳುತ್ತೇನೆ. ಬೆಕ್ಕು ಒಂಟಿಯಾಗಿ ಬೇಟೆಯಾಡಿ ಒಂಟಿಯಾಗಿ ತಿನ್ನುವ ಪ್ರಾಣಿ. ಸಾಲಾಗಿ ಬಟ್ಟಲಿಟ್ಟು ಕೂರಿಸಿದರೆ ಜಗಳವಾಡದೆ ಇರಬಹುದು, ಆದರೆ ಒಂದು ಬೇಗಬೇಗ ನುಂಗುತ್ತದೆ, ಇನ್ನೊಂದು ಎದ್ದು ಹೋಗುತ್ತದೆ. ಹಾಗಾಗಿ ಒಬ್ಬರಿಗೊಬ್ಬರು ಕಾಣದ ಹಾಗೆ ಮೂರು ಜಾಗ ಮಾಡು. ಬೆಳ್ಳಿಗೆ ನಿನ್ನ ಮಲಗುವ ಕೋಣೆ, ಬಾಗಿಲು ಹಾಕಿ. ಗುಂಡನಿಗೆ ಅಡುಗೆಮನೆ. ಪುಟ್ಟಿಗೆ ಹಾಲ್‌ನಲ್ಲಿ ಪೆಟ್ಟಿಗೆ. ಬೆಳಿಗ್ಗೆ ಆರೂವರೆ, ಮಧ್ಯಾಹ್ನ, ಸಂಜೆ ಏಳು, ರಾತ್ರಿ ಹತ್ತೂವರೆ ಅಂತ ನಾಲ್ಕು ಹೊತ್ತು. ಗುಂಡನಿಗೆ ಮಧ್ಯಾಹ್ನದ್ದು ಬೇಡ, ಮೂರು ಸಾಕು. ಮೊದಲು ಬೆಳ್ಳಿಯ ಬಟ್ಟಲು, ಆಮೇಲೆ ಪುಟ್ಟಿಯದು, ಕೊನೆಗೆ ಗುಂಡನದು. 25 ನಿಮಿಷ ಬಿಟ್ಟು ಮೂರನ್ನೂ ಎತ್ತಿ, ಉಳಿದದ್ದನ್ನು ತೂಗಿ ಬರೆದಿಡು.

ಪೆಟ್ಟಿಗೆಯ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು, ಇದರಲ್ಲೇ ಎಲ್ಲರೂ ಎಡವುತ್ತಾರೆ. ಬಟ್ಟೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಡಬ್ಬ ತಗೋ, ಉದ್ದ 60 ಸೆಂ.ಮೀ. ಇರಲಿ. ಮುಚ್ಚಳ ತೆಗೆದು ಬೋರಲು ಹಾಕಿ, ಕಿರಿದಾದ ಬದಿಯಲ್ಲಿ ನೆಲಕ್ಕೆ ಹತ್ತಿರವಾಗಿ 7ರಿಂದ 8 ಸೆಂ.ಮೀ. ಅಗಲದ ದುಂಡು ರಂಧ್ರ ಕೊರೆ. ಅಳತೆ ನೋಡಬೇಕಾದದ್ದು ಗುಂಡನ ಹೊಟ್ಟೆಯನ್ನಲ್ಲ, ತಲೆಯನ್ನು. ತಲೆ ತೂರಿದರೆ ಉಳಿದದ್ದನ್ನು ಹೇಗಾದರೂ ಎಳೆದುಕೊಂಡು ಹೋಗುತ್ತಾನೆ. ಪುಟ್ಟಿ ಮಾತ್ರ ಸಲೀಸಾಗಿ ಒಳಗೆ ಹೊರಗೆ ಓಡಾಡುವಂತಿರಬೇಕು, ಮೊದಲ ದಿನ ಪಕ್ಕದಲ್ಲೇ ಕೂತು ನೋಡು. ಅಂಚನ್ನು ಉಜ್ಜು ಕಾಗದದಿಂದ ನುಣುಪು ಮಾಡಿ ಮೇಲೆ ಟೇಪ್ ಸುತ್ತು, ಇಲ್ಲವಾದರೆ ಮರಿಯ ಕತ್ತು ಗೀರುತ್ತದೆ. ಬಟ್ಟಲನ್ನು ರಂಧ್ರದಿಂದ 40 ಸೆಂ.ಮೀ. ಒಳಗಿಡು, ಹತ್ತಿರವಿದ್ದರೆ ಗುಂಡ ಕೈ ಹಾಕಿ ಕಾಳು ಬಾಚುತ್ತಾನೆ. ಮೇಲೆ ಎರಡು ಇಟ್ಟಿಗೆ ಹೇರು, ಇಲ್ಲದಿದ್ದರೆ ಡಬ್ಬವನ್ನೇ ತಳ್ಳಿ ಮಗುಚುತ್ತಾನೆ. ಗಾಳಿಯಾಡಲು ಹಿಂಬದಿಯಲ್ಲಿ ನಾಲ್ಕಾರು ಸಣ್ಣ ತೂತು. ಪುಟ್ಟಿಯ ಊಟವನ್ನು ಕಪಾಟಿನ ಮೇಲಿಡು ಅಂತ ಯಾರಾದರೂ ಹೇಳಿದರೆ ನಂಬಬೇಡ. ಊಟದ ಆಸೆಗೆ ದಪ್ಪ ಬೆಕ್ಕೂ ಹತ್ತುತ್ತದೆ. ಬೆಳ್ಳಿಯ ಬಟ್ಟಲಂತೂ ನೆಲದ ಮೇಲೆಯೇ ಇರಲಿ, ಆ ವಯಸ್ಸಿಗೆ ಕೀಲು ನೋವು ಇರುವುದು ಸಾಮಾನ್ಯ.

ಗುಂಡ ಎರಡೇ ನಿಮಿಷದಲ್ಲಿ ಮುಗಿಸಿ ಬಾಗಿಲ ಮುಂದೆ ಕೂಗುತ್ತಾನಲ್ಲ, ಅವನಿಗೆ ಬಟ್ಟಲೇ ಬೇಡ. ಒಣ ಕಾಳನ್ನು ಇಡ್ಲಿ ತಟ್ಟೆಯ ಕುಳಿಗಳಲ್ಲಿ ಹಂಚಿ ಹಾಕು, ಒಂದೊಂದು ಕುಳಿಗೂ ಮೂಗು ಇಳಿಸಿ ತಿನ್ನುವಾಗ ಹೊತ್ತು ಹಿಡಿಯುತ್ತದೆ. ತೂಕ ಇಳಿಸುವ ಆಹಾರವನ್ನು ಡಾಕ್ಟರ ಬಳಿ ಕೇಳಿಯೇ ತರಿಸು, ಈಗ ತಿನ್ನುವುದನ್ನೇ ಅರ್ಧ ಮಾಡಿದರೆ ಪ್ರೋಟೀನೂ ವಿಟಮಿನ್ನೂ ಅರ್ಧವಾಗುತ್ತವೆ. ಪೊಟ್ಟಣದ ಮೇಲೆ 100 ಗ್ರಾಂಗೆ 380 ಕಿಲೋಕ್ಯಾಲರಿ ಅಂತಿದ್ದರೆ ಅವನ ಇಡೀ ದಿನಕ್ಕೆ 50 ಗ್ರಾಂ. ತೇವದ ಆಹಾರದ, ಅಂದರೆ ವೆಟ್ ಫುಡ್‌ನ, 85 ಗ್ರಾಮಿನ ಒಂದು ಪೌಚ್‌ನಲ್ಲಿ ಸಾಮಾನ್ಯವಾಗಿ 70ರ ಆಸುಪಾಸು ಇರುತ್ತದೆ, ಒಂದು ಪೌಚ್ ಕೊಟ್ಟರೆ ಕಾಳು 30 ಗ್ರಾಂಗೆ ಇಳಿಯಲಿ. ಲೋಟದಲ್ಲಿ ಅಳೆಯಬೇಡ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಬಳಸು. ಕಣ್ಣಂದಾಜಿನಲ್ಲಿ 10 ಗ್ರಾಂ ಹೆಚ್ಚಾದರೆ 38 ಕಿಲೋಕ್ಯಾಲರಿ, ಅವನ ದಿನದ ಪಾಲಿನ ಐದನೇ ಒಂದು ಭಾಗ.

ಅವಸರ ಮಾತ್ರ ಮಾಡಬೇಡ. ವಾರಕ್ಕೆ ಶೇ. ಅರ್ಧದಿಂದ ಒಂದರಷ್ಟು, ಅಂದರೆ 30ರಿಂದ 60 ಗ್ರಾಂ ಇಳಿದರೆ ಸಾಕು. 1.2 ಕಿಲೋ ಇಳಿಯಲು ಐದಾರು ತಿಂಗಳಿಗಿಂತ ಹೆಚ್ಚೇ ಹಿಡಿಯಲಿ. ದಪ್ಪ ಬೆಕ್ಕು ಎರಡು ಮೂರು ದಿನ ತಿನ್ನದೆ ಇದ್ದರೆ ಮೈಕೊಬ್ಬು ಕರಗಿ ಯಕೃತ್ತಿಗೆ ನುಗ್ಗಿ ಪ್ರಾಣಕ್ಕೇ ಸಂಚಕಾರವಾಗುತ್ತದೆ. ಉಪವಾಸ ಹಾಕಿ ಇಳಿಸುವ ಮಾತು ಯಾರೇ ಆಡಿದರೂ ಕೇಳಬೇಡ. ಮೂವರಲ್ಲಿ ಯಾರೇ ಒಂದು ದಿನ ಪೂರ್ತಿ ತಿನ್ನದಿದ್ದರೆ ಡಾಕ್ಟರಿಗೆ ತಿಳಿಸು.

ಬೆಳ್ಳಿಯ ಆಹಾರ ಬದಲಾಯಿಸಲು ಎರಡರಿಂದ ನಾಲ್ಕು ವಾರ ತಗೋ. ಮೊದಲ ವಾರ ಹಳೆಯದರಲ್ಲಿ ಕಾಲು ಭಾಗ ಹೊಸದು, ಅವಳು ಒಪ್ಪಿದರೆ ಅರ್ಧ, ಹಾಗೇ ಮುಂದೆ. ವಾಂತಿ ಮಾಡುತ್ತಿರುವಾಗ, ಇಲ್ಲವೇ ಆಸ್ಪತ್ರೆಯಿಂದ ಬಂದ ದಿನವೇ ಹೊಸ ಊಟ ಇಡಬೇಡ. ಹೊಟ್ಟೆ ತೊಳಸಿದ ನೆನಪನ್ನು ಆ ವಾಸನೆಗೆ ಅಂಟಿಸಿಕೊಂಡರೆ ಮತ್ತೆ ಮುಟ್ಟುವುದು ಕಷ್ಟ. ಇದೇ ಕಾರಣಕ್ಕೆ ಕಹಿ ಮಾತ್ರೆಯನ್ನು ಊಟದಲ್ಲಿ ಬೆರೆಸಬೇಡ. ವೆಟ್ ಫುಡ್‌ಗೆ ಒಂದೆರಡು ಚಮಚ ಬಿಸಿನೀರು ಬೆರೆಸಿ ಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ, ನೀರೂ ಒಳಗೆ ಹೋಗುತ್ತದೆ. ಒಣ ಕಾಳಿನಲ್ಲಿ ನೀರಿನಂಶ ಶೇ. 10ರ ಸುಮಾರು, ವೆಟ್‌ನಲ್ಲಿ ಶೇ. 75ಕ್ಕೂ ಮೇಲೆ. ಕಿಡ್ನಿ ಬೆಕ್ಕಿಗೆ ಇದು ದೊಡ್ಡ ಅಂತರ. ಮನೆಯಲ್ಲಿ ನಾಲ್ಕು ಕಡೆ ನೀರಿಡು, ಊಟದ ಜಾಗದಿಂದ ದೂರ.

ನೀನು ಆಫೀಸಿಗೆ ಹೋದಾಗ ಬೆಳ್ಳಿಗೆ ಆಗಾಗ ತಿನ್ನುವ ಅನುಕೂಲ ಬೇಕು. ಕೈಗೆಟುಕಿದರೆ ಬೆಕ್ಕಿನ ಚರ್ಮದಡಿ ಹಾಕಿಸಿರುವ ಗುರುತಿನ ಮೈಕ್ರೋಚಿಪ್ ಓದಿ ತೆರೆದುಕೊಳ್ಳುವ ಫೀಡರ್ ತರಿಸು. ಅವಳ ಚಿಪ್‌ನ 15 ಅಂಕಿಯ ಸಂಖ್ಯೆ ನೋಂದಾಯಿಸಿದರೆ ಅವಳಿಗೆ ಮಾತ್ರ ಮುಚ್ಚಳ ತೆರೆಯುತ್ತದೆ. ಮೊದಲ ಕೆಲವು ದಿನ ಮುಚ್ಚಳ ತೆರೆದೇ ಇಟ್ಟು ಅಭ್ಯಾಸ ಮಾಡಿಸು, ಸದ್ದಿಗೆ ಬೆದರಿದರೆ ಮತ್ತೆ ಬರುವುದಿಲ್ಲ. ಅವಳು ತಿನ್ನುವಾಗ ಗುಂಡ ಪಕ್ಕದಿಂದ ತಲೆ ತೂರಿಸುತ್ತಾನೆ. ಫೀಡರನ್ನು ಮೂಲೆಯಲ್ಲಿಟ್ಟು ಎರಡೂ ಬದಿಗೆ ಹಲಗೆ ಕೊಟ್ಟರೆ ಒಬ್ಬರಿಗೆ ಮಾತ್ರ ಜಾಗವಿರುತ್ತದೆ. ವೆಟ್ ಫುಡ್ ಅದರಲ್ಲಿ ದಿನಪೂರ್ತಿ ಇಡಬೇಡ, ನಮ್ಮ ಸೆಕೆಗೆ ಬೇಗ ಹಳಸುತ್ತದೆ.

ಇರುವೆಗೆ ಅಗಲ ತಟ್ಟೆಯಲ್ಲಿ ನೀರು ಹಾಕಿ ನಡುವೆ ಬಟ್ಟಲಿಡು. ಇರುವೆ ಸೀಮೆಸುಣ್ಣದ ಗೆರೆ ಮಾತ್ರ ಎಳೆಯಲೇಬೇಡ. ಅದರಲ್ಲಿರುವ ಪೈರೆಥ್ರಾಯ್ಡ್ ಜಾತಿಯ ವಿಷವನ್ನು ಬೆಕ್ಕಿನ ಯಕೃತ್ತು ಕರಗಿಸಲಾರದು, ಪಾದಕ್ಕೆ ಅಂಟಿದ್ದನ್ನು ಅವು ನೆಕ್ಕುತ್ತವೆ.

ಮನೆಮಂದಿಯ ಪ್ರೀತಿಯನ್ನೂ ಅಳತೆಗೆ ತರಬೇಕು. ಬೆಳಿಗ್ಗೆಯೇ ಮೂರು ಡಬ್ಬಿಗಳಲ್ಲಿ ಮೂವರ ದಿನದ ಪಾಲು ತೂಗಿ ಹೆಸರು ಬರೆದಿಡು. ಅತ್ತೆಯವರಿಗಾಗಲಿ ಕೆಲಸದವರಿಗಾಗಲಿ ಕೊಡಬೇಕೆನಿಸಿದರೆ ಆ ಡಬ್ಬಿಯಿಂದಲೇ ಕೊಡಲಿ, ಮುಗಿದರೆ ಅಂದಿಗೆ ಮುಗಿಯಿತು. ಗುಂಡನಿಗೆ ಬೇಯಿಸಿದ ಕೋಳಿ 12 ಗ್ರಾಂವರೆಗೆ ಕೊಡಬಹುದು, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕದ್ದು. ಅದರ ಕ್ಯಾಲರಿಯಷ್ಟು ಕಾಳನ್ನು ಕಳೆಯಬೇಕು. ಬೂತಾಯಿ ಮೀನಿನ ತಲೆ, ಮುಳ್ಳು ಬೆಳ್ಳಿಯ ಬಳಿ ಸುಳಿಯದಿರಲಿ, ಮುಳ್ಳೆಂದರೆ ರಂಜಕ. ಹಾಲು ಅನ್ನ ಮೂವರಿಗೂ ಬೇಡ.

ಪ್ರತಿ ಭಾನುವಾರ ತೂಕ ನೋಡು. ಎತ್ತಿಕೊಂಡು ನಿಲ್ಲುವ ತಕ್ಕಡಿ 100 ಗ್ರಾಂ ಆಚೀಚೆ ತೋರಿಸುತ್ತದೆ, ಎಳೆ ಮಕ್ಕಳನ್ನು ತೂಗುವ ತಕ್ಕಡಿ ತರಿಸಿದರೆ ಒಳ್ಳೆಯದು. ಪುಟ್ಟಿ ವಾರಕ್ಕೆ 80ರಿಂದ 100 ಗ್ರಾಂ ಏರಬೇಕು. ಬೆಳ್ಳಿ ತಿಂಗಳಲ್ಲಿ 170 ಗ್ರಾಂ ಇಳಿದರೆ ಮುಂದಿನ ಪರೀಕ್ಷೆಗೆ ಕಾಯದೆ ಕರೆದೊಯ್ಯಿ.

ಇನ್ನೆರಡು ತಿಂಗಳಲ್ಲಿ ಪುಟ್ಟಿಯ ತಲೆ ಆ ರಂಧ್ರಕ್ಕೆ ಹಿಡಿಸುವುದಿಲ್ಲ. ಅಷ್ಟರೊಳಗೆ ಅವಳಿಗೂ ಬಾಗಿಲು ಹಾಕಿದ ಇನ್ನೊಂದು ಕೋಣೆಯ ರೂಢಿ ಮಾಡಿಸು. ಸಂತಾನಹರಣದ ಆಪರೇಷನ್ ಆದಮೇಲೆ ಅವಳ ಅಗತ್ಯ ಕಾಲು ಭಾಗದಷ್ಟು ಇಳಿಯುತ್ತದೆ, ಆದರೂ ಒಂದು ವರ್ಷ ತುಂಬುವವರೆಗೆ ಕಿಟನ್ ಫುಡ್ಡೇ ಇರಲಿ, ಅಳತೆ ಮಾತ್ರ ತಗ್ಗಿಸು. ಆಪರೇಷನ್ ದಿನದ ತೂಕ ಬರೆದು ಕಳಿಸು, ಹೊಸ ಲೆಕ್ಕ ಹಾಕಿ ಕೊಡುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ