‘ಡಾರ್ಕ್ಲಿಂಗ್’ ಎಂಬ ಪದದ ಬಗ್ಗೆ, ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಇಂಗ್ಲಿಷ್ ಕವಿ ಕೀಟ್ಸ್, ನೈಟಿಂಗೇಲ್ ಹಕ್ಕಿಯ ಮೇಲೆ ಬರೆದ ಪದ್ಯ ಓದುವಾಗ ‘ಡಾರ್ಕ್ಲಿಂಗ್’ ಅನ್ನುವಲ್ಲಿ ತಡೆದು ನಿಂತೆ, ಡಕ್ಲಿಂಗ್ ಬಾತಿನ ಮರಿಯಾದರೆ ಇದೇನು ಕತ್ತಲೆಯ ಮರಿಯೇ ಅಂತ ಕೇಳಿದ್ದೆಯಲ್ಲ. ಹಾಗೆ ಅನ್ನಿಸುವುದು ಸಹಜ. ಆದರೆ ಈ ‘ಲಿಂಗ್’ ಬೇರೆ. ಹಿಂದೆ ಇಂಗ್ಲಿಷಿನಲ್ಲಿ ಕ್ರಿಯಾವಿಶೇಷಣ ಮಾಡಲು ಹಚ್ಚುತ್ತಿದ್ದ ಪ್ರತ್ಯಯ ಅದು. ಅರ್ಥ ಇಷ್ಟೇ: ಕತ್ತಲಲ್ಲಿ. ನಮ್ಮ ಸಪ್ತಮಿಯ ‘ಅಲ್ಲಿ’ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ.

ಷೇಕ್ಸ್‌ಪಿಯರನ ಲಿಯರ್ ನಾಟಕದಲ್ಲಿ ವಿದೂಷಕ, ದೀಪ ಆರಿತು, ನಾವು ಡಾರ್ಕ್ಲಿಂಗ್ ಉಳಿದೆವು ಅನ್ನುತ್ತಾನೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕವಿ ಮಿಲ್ಟನ್. 1652ರ ಹೊತ್ತಿಗೆ ಅವನಿಗೆ ಎರಡೂ ಕಣ್ಣು ಹೋಗಿದ್ದವು. ರಾತ್ರಿಯೆಲ್ಲ ಮನಸ್ಸಿನಲ್ಲೇ ಸಾಲು ಕಟ್ಟಿ, ಬೆಳಗ್ಗೆ ಹೇಳಿ ಬರೆಸುತ್ತಿದ್ದ. ಬರೆದುಕೊಳ್ಳುವವರು ಬರುವುದು ತಡವಾದರೆ, ಹಸುವಿನ ಹಾಗೆ ತನಗೆ ಹಾಲು ಕರೆಸಿಕೊಳ್ಳಬೇಕಾಗಿದೆ ಎಂದು ಚಡಪಡಿಸುತ್ತಿದ್ದನಂತೆ. 1667ರಲ್ಲಿ ಅಚ್ಚಾದ ‘ಪ್ಯಾರಡೈಸ್ ಲಾಸ್ಟ್’ನ ಮೂರನೆಯ ಭಾಗ ಬೆಳಕಿನ ಸ್ತುತಿಯಿಂದ ಶುರುವಾಗುತ್ತದೆ. ಅಲ್ಲೇ ತನ್ನನ್ನು ನಿದ್ದೆಗೆಟ್ಟು ಡಾರ್ಕ್ಲಿಂಗ್ ಹಾಡುವ ಹಕ್ಕಿಗೆ ಹೋಲಿಸಿಕೊಳ್ಳುತ್ತಾನೆ. ಕುರುಡ ಬೆಳಕನ್ನು ಹೊಗಳುತ್ತ ಬಳಸಿದ ಮಾತು ಅದು. ಓದಿದಾಗಲೆಲ್ಲ ಎದೆ ತುಂಬುತ್ತದೆ.

ಕೀಟ್ಸ್ ಆ ಪದ್ಯ ಬರೆದದ್ದು 1819ರಲ್ಲಿ, ತಮ್ಮ ಟಾಮ್ ಕ್ಷಯದಿಂದ ತೀರಿಕೊಂಡ ಮರುವರ್ಷ. ಮಿಲ್ಟನ್‌ನಲ್ಲಿ ಹಕ್ಕಿ ಕತ್ತಲಲ್ಲಿತ್ತು, ಇಲ್ಲಿ ಕೇಳುವವನೂ ಕತ್ತಲಲ್ಲಿದ್ದಾನೆ. ಕಾಲ ಬಳಿ ಯಾವ ಹೂವಿದೆ ಎಂದು ಕಾಣದೆ ವಾಸನೆಯಿಂದಲೇ ಊಹಿಸುತ್ತಾನೆ. ಮುಂದೆ ಕವಿ ಆರ್ನಾಲ್ಡ್ ‘ಡೋವರ್ ಬೀಚ್’ ಪದ್ಯದಲ್ಲಿ ‘ಡಾರ್ಕ್ಲಿಂಗ್ ಪ್ಲೇನ್’ ಎಂದು ಅದನ್ನು ಬಯಲಿಗೆ ವಿಶೇಷಣ ಮಾಡಿದ. ಸಾಲು ಹೆಸರಾಯಿತು, ಪದ ಮಾತ್ರ ತುಸು ತೆಳುವಾಯಿತು ಅಂತ ನನಗನ್ನಿಸುತ್ತದೆ. 1900ರ ಕೊನೆಯ ಚಳಿಗಾಲದಲ್ಲಿ ಕವಿ ಹಾರ್ಡಿ ‘ದ ಡಾರ್ಕ್ಲಿಂಗ್ ಥ್ರಷ್’ ಪದ್ಯದಲ್ಲಿ ಅದನ್ನು ಮತ್ತೆ ಹಕ್ಕಿಗೇ ಮರಳಿಸಿದ. ಅವನ ಥ್ರಷ್ ಎಂಬ ಹಾಡುಹಕ್ಕಿ ಬಡಕಲು, ಮುದಿ, ಗಾಳಿಗೆ ಗರಿ ಕೆದರಿದ್ದು. ಆದರೂ ಮುಸ್ಸಂಜೆಯಲ್ಲಿ ಕೊರಳೆತ್ತುತ್ತದೆ.

ಕೀಟ್ಸ್‌ನ ‘ಡಾರ್ಕ್ಲಿಂಗ್ ಐ ಲಿಸನ್’ ಎಂಬ ಆ ಮಾತನ್ನು ಕನ್ನಡಕ್ಕೆ ತರಲು ಒಂದು ಭಾನುವಾರವೆಲ್ಲ ಕೂತೆ. ‘ಕತ್ತಲಲ್ಲಿ ಕೇಳುತ್ತಿದ್ದೇನೆ’ ಸರಿಯಿದೆ, ಆದರೆ ಸಪ್ಪೆ. ‘ಕತ್ತಲಾಗಿ ಕೇಳುತ್ತಿದ್ದೇನೆ’ ಎಂದು ನೋಡಿದೆ: ಹೊತ್ತು ಮುಳುಗಿ ಕತ್ತಲಾಯಿತು ಎಂದೂ ಆಗುತ್ತದೆ, ನಾನೇ ಕತ್ತಲಾದೆ ಎಂದೂ ಆಗುತ್ತದೆ. ವ್ಯಾಕರಣ ಒಪ್ಪುತ್ತದೋ ಇಲ್ಲವೋ, ನನ್ನ ಕಿವಿ ಒಪ್ಪಿತು. ನಿನಗೇನು ಹೊಳೆಯುತ್ತದೆ, ಬರೆ.

ಇಂತಿ ನಿನ್ನ ಗೆಳೆಯ