ಶನಿವಾರ ಪಹಾಡಿ ಕಥೆ ಕೇಳೋಕೆ ಬನ್ನಿ

ಬ್ರಾಡ್‌ಫರ್ಡ್ ಗೆಳೆಯರೆಲ್ಲರಿಗೂ ನಮಸ್ಕಾರ. ಈ ಶನಿವಾರ ಸಂಜೆ 4ಕ್ಕೆ ನಮ್ಮ ಪಕ್ಕದ ಬೀದಿಯ ಮೀರ್‌ಪುರಿ ಅಜ್ಜಿಯರು ಮೊಮ್ಮಕ್ಕಳಿಗೆ ತಮ್ಮ ಮನೆಮಾತಾದ ಪಹಾಡಿಯಲ್ಲಿ ಕಥೆ ಹೇಳುತ್ತಾರೆ. ನಮ್ಮನ್ನೂ ಕರೆದಿದ್ದಾರೆ.

1967ರಲ್ಲಿ ಮುಗಿದ ಮಂಗ್ಲಾ ಅಣೆಕಟ್ಟಿನಿಂದ ಅವರ ಊರು, ಪಾಕಿಸ್ತಾನದ ಆಡಳಿತದಲ್ಲಿರುವ ಕಾಶ್ಮೀರದ ಹಳೆಯ ಮೀರ್‌ಪುರ, ಮುಳುಗಿತು. ಊರು ಕಳೆದುಕೊಂಡ ಎಷ್ಟೋ ಮಂದಿ ಇಂಗ್ಲೆಂಡಿಗೆ ಬಂದು ಇಲ್ಲಿಯ ಬಟ್ಟೆ ಗಿರಣಿಗಳಲ್ಲಿ ರಾತ್ರಿ ಪಾಳಿ ದುಡಿದರು. ಅಣೆಕಟ್ಟಿನ ನೀರು ಇಳಿದಾಗ ಅಲ್ಲಿ ಹಳೆಯ ಗೋರಿಗಳು ಈಗಲೂ ಕಾಣುತ್ತವೆ. ಜನ ಹೋಗಿ ಪ್ರಾರ್ಥನೆ ಮಾಡಿ ಬರುತ್ತಾರೆ.

ಉರ್ದು ಕಲಿಯಲು ತರಗತಿಗಳಿವೆ. ಪಹಾಡಿ ಮಾತ್ರ ಅಡುಗೆಮನೆಯಲ್ಲೇ ಉಳಿದಿದೆ. ನಮ್ಮ ಮಕ್ಕಳ ಕನ್ನಡದ ಪಾಡೂ ಹೆಚ್ಚುಕಮ್ಮಿ ಅದೇ ಅಲ್ವಾ? ಪಹಾಡಿ ಉಳಿಯಲಿ ಅಂತ ಅವರ ಸೊಸೆಯಂದಿರೇ ಅಜ್ಜಿಯರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದಾರೆ. ಎಂಥ ಒಳ್ಳೆ ಕೆಲಸ!

ಮಕ್ಕಳನ್ನು ಖಂಡಿತ ಕರೆತನ್ನಿ. ತಿಂಡಿ ತರುವವರು ಸಸ್ಯಾಹಾರವನ್ನೇ ತನ್ನಿ, ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಜೆಲಾಟಿನ್ ಇರುವ ಮಿಠಾಯಿ ಬೇಡ. ಬರುವವರು ಗುರುವಾರದೊಳಗೆ ಇಲ್ಲೇ ಹೆಸರು ಹಾಕಿ.