ಗದ್ದಿಗೆಯ ಗುಮ್ಮಟಕ್ಕೆ ಸಿಮೆಂಟ್ ಬೇಡ

ಮಡಿಕೇರಿಯ ಗದ್ದಿಗೆಯಂತಹ ಸುಣ್ಣದ ಗಾರೆಯ ಕಟ್ಟಡಗಳ ದುರಸ್ತಿಗೆ ಸಿಮೆಂಟ್ ಬಳಸಲೇಬಾರದು. ಹಿಂದಿನ ಅರಸರಾದ ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳಿರುವ ಈ ಗುಮ್ಮಟಗಳು ಕೊಡಗಿನ ಹೆಮ್ಮೆ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಗೋಡೆ ಹೀರಿದ ತೇವ ಸುಣ್ಣದ ಮೂಲಕವೇ ಆರಬೇಕು. ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಉಳಿದು ಹಳೆಯ ಗಾರೆ ಪುಡಿಯಾಗುತ್ತದೆ. ಕೊನೆಗೆ ಸಿಮೆಂಟೂ ಹಕ್ಕಳೆಯಾಗಿ ಕಳಚುತ್ತದೆ. ಬಿರುಕಿನಲ್ಲಿ ಹುಟ್ಟುವ ಅರಳಿ ಸಸಿಯನ್ನು ಮೇಲಷ್ಟೇ ಕತ್ತರಿಸಿದರೆ ಅದು ಮತ್ತೆ ಚಿಗುರಿ ಕಟ್ಟಡವನ್ನೇ ಸೀಳುತ್ತದೆ.

ಸಂಬಂಧಪಟ್ಟ ಇಲಾಖೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ, ಬೇರನ್ನು ಎಳೆದು ಕೀಳದೆ ಸುತ್ತಲಿನ ಗಾರೆ ಬಿಡಿಸಿ ತೆಗೆಸಲಿ. ಆಮೇಲೆ ಕೆಲವು ವಾರ ನೆನೆಸಿದ ಸುಣ್ಣಕ್ಕೆ ಮರಳು, ಇಟ್ಟಿಗೆ ಪುಡಿ ಬೆರೆಸಿ ತೆಳುವಾಗಿ ಪದರ ಪದರವಾಗಿ ಹಚ್ಚಿಸಲಿ. ಪ್ರತಿ ಪದರಕ್ಕೂ ಒದ್ದೆ ಗೋಣಿಚೀಲ ಹೊದಿಸಿ ನಿಧಾನವಾಗಿ ಆರಲು ಬಿಡಬೇಕು.

– ಓದುಗರೊಬ್ಬರು, ಮಡಿಕೇರಿ